ಬರಲ್ಲ

ಪೆನ್ಸಿಲ್ ಉರುಳಿ ನೆಲಕ್ಕೆ ಬಿತ್ತು. ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒತ್ತಿಕೊಂಡಳು.

"ಬರೆ!" ಟೀಚರ್ ಮೇಜು ಕುಟ್ಟಿದಳು. "ಕಿವಿ ಕೇಳಿಸಲ್ವಾ? ಬರೆ!"

"ಬರಲ್ಲ."

"ನೋಡಿದ್ರಾ ಮೇಡಂ? ವರ್ಷವಿಡೀ ಇದೊಂದೇ ಪಲ್ಲವಿ. ‘ಕಲ್ಲು’ ಅಂತ ಸುಮ್ನೆ ಹೆಸರಿಟ್ಟಿದೀನಾ?"

ತರಗತಿ ಕಿಸಕ್ಕೆಂದಿತು. ಟೀಚರ್ ಬಿದ್ದ ಪೆನ್ಸಿಲನ್ನು ಎತ್ತಿ ಅದರ ತುದಿಯಿಂದ ಕಿವಿ ಕೆರೆದುಕೊಂಡಳು. ಅಂಟಿದ್ದನ್ನು ಒಮ್ಮೆ ನೋಡಿ, ಮೇಜಿನ ಅಂಚಿಗೆ ಒರೆಸಿ, ಹುಡುಗಿಯ ಮುಂದಿಟ್ಟಳು.

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಪರೀಕ್ಷಕಿ ಮುಖ ತಿರುಗಿಸಿದಳು. ಶಾಲೆ ಶಾಲೆಗೆ ಹೋಗಿ ಮಕ್ಕಳ ನಡತೆಯ, ಕಲಿಕೆಯ ತೊಂದರೆಗಳನ್ನು ಪತ್ತೆ ಹಚ್ಚುವುದು ಅವಳ ಕೆಲಸ. ಅವಳು ಹೂಂ ಅಂದರೆ ಮಗು ನಾಳೆಯಿಂದ ವಿಶೇಷ ಶಾಲೆಗೆ. ಹೋದಲ್ಲೆಲ್ಲ ಇದೇ ಕೋಣೆ: ತೆರೆಯದ ಕಿಟಕಿ, ಒದ್ದೆ ಡಸ್ಟರಿನ ಹುಳಿ ವಾಸನೆ, ಬೆಂಚಿನಡಿ ಒಣಗಿ ಅಂಟಿದ ಸಿಂಬಳ. ಹೋದಲ್ಲೆಲ್ಲ ಇದೇ ಟೀಚರ್: ಗಲಾಟೆಯವನು, ತೊದಲುವವಳು, ಎಡಗೈಯವನು, ಎಲ್ಲರನ್ನೂ ಒಂದೇ ಬುಟ್ಟಿಗೆ ಸುರಿದು ‘ಕರ್ಕೊಂಡು ಹೋಗಿ, ಪುಣ್ಯ ಕಟ್ಕೊಳ್ಳಿ’ ಎನ್ನುವವಳು. ತಾನೇನು ಕಸದ ಗಾಡಿ ತಳ್ಳಿಕೊಂಡು ಬಂದಿದ್ದೇನೆಯೇ?

ಟೀಚರ್ ಬೆನ್ನು ತಿರುಗಿಸಿದ್ದೇ ತಡ, ಪಕ್ಕದ ಎರಡು ಜಡೆಯ ಹುಡುಗಿ ಮೊಣಕೈಯಿಂದ ತಿವಿದಳು. "ಬೇಗ ಬರ್ಕೊಳೇ, ಗುಡುಗಮ್ಮ ಮತ್ತೆ ಬರ್ತಾಳೆ."

ಕಲ್ಲಿನ ಕೈ ಸರಸರನೆ ಓಡಿತು. ಹಲಗೆಯ ಮೇಲಿದ್ದ ವಾಕ್ಯ ಪುಸ್ತಕಕ್ಕಿಳಿಯಿತು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಪರೀಕ್ಷಕಿಗೆ ಅಷ್ಟು ಸಾಕಾಯಿತು. ರೋಗ ಬೆಂಚಿನಲ್ಲಿಲ್ಲ, ಹಲಗೆಯ ಮುಂದಿದೆ.

ಆಟದ ಸಾಮಾನು ಇಡುವ ಕೋಣೆಯಲ್ಲಿ, ಗಾಳಿ ಹೋದ ಚೆಂಡುಗಳ ನಡುವೆ, ಮಗುವನ್ನು ಎದುರಿಗೆ ಕೂರಿಸಿಕೊಂಡಳು. ಸೆಕೆಗೆ ಕಾಗದವೇ ತೋಳಿಗೆ ಅಂಟುತ್ತಿತ್ತು. ಮಗು ಮಾತ್ರ ಮುಂಗೈವರೆಗೆ ಸ್ವೆಟರ್ ಎಳೆದುಕೊಂಡಿತ್ತು.

"ಸೆಕೆ ಆಗಲ್ವಾ ಚಿನ್ನ?"

"ಅತ್ತೆ ಹಾಕಿದ್ದು."

"ನಿಮ್ಮನೆ ಚಿತ್ರ ಬಿಡಿಸ್ತೀಯಾ?"

ಮಗು ಬಿಡಿಸಿತು. ಬಾಗಿಲು, ಒಲೆ, ಒಲೆಯ ಪಕ್ಕ ನೇತಾಡುವ ಸೌಟು. ಸೌಟು ಬಾಗಿಲಿಗಿಂತ ದೊಡ್ಡದಾಗಿತ್ತು.

"ಅಬ್ಬಬ್ಬಾ! ಆನೆಗೆ ಅಡುಗೆ ಮಾಡ್ತಾರಾ ನಿಮ್ಮನೇಲಿ?"

ಮಗು ನಗಲಿಲ್ಲ. ಅಳತೆಯ ಅಂದಾಜು ಇನ್ನೂ ಬಂದಿಲ್ಲ, ವಯಸ್ಸಿಗೆ ಸಹಜ ಎಂದುಕೊಂಡ ಪರೀಕ್ಷಕಿ ತಾನೇ ನಕ್ಕಳು.

"ಭೇಷ್. ಈಗ ಕೆಳಗೆ ನಿನ್ನ ಹೆಸರು ಬರೆ."

ಕೈಗಳು ಮಾಯವಾದವು. "ಬರಲ್ಲ."

ಪರೀಕ್ಷಕಿ ತಲೆಯೆತ್ತಿದಳು. ಬಾಗಿಲಲ್ಲಿ ಟೀಚರ್ ನಿಂತಿದ್ದಳು, ಹಲ್ಲಿನ ಸಂದಿಯ ಬಿಸ್ಕತ್ತನ್ನು ಉಗುರಿನಿಂದ ಕೀಳುತ್ತ.

"ನೀವು ಸ್ವಲ್ಪ ಆ ಕಡೆ ಹೋಗ್ತೀರಾ? ನಿಮ್ಮನ್ನ ಕಂಡ್ರೇ ಮಗು ನಡುಗುತ್ತೆ."

"ನಾನು ಅವಳ ಮೈ ಮುಟ್ಟಿದೋಳಲ್ಲ ಮೇಡಂ. ನಂದು ಬಾಯಿ ಜೋರು, ಕೈ ಅಲ್ಲ."

"ಕಂಡಿದೀನಿ ಬಿಡಿ."

ಮಧ್ಯಾಹ್ನ ಅತ್ತೆ ಬಂದಳು. ತಾಯಿಯಿಲ್ಲದ ಮಗುವನ್ನು ಸಾಕುತ್ತಿದ್ದುದು ಅವಳೇ. ತಂದೆಗೆ ಹಡಗಿನಲ್ಲಿ ಕೆಲಸ. ತೆಳ್ಳನೆಯ ಹೆಂಗಸು, ಮೆಲುಮಾತು, ಇಸ್ತ್ರಿ ಮಾಡಿದ ಕರವಸ್ತ್ರ. ಬಂದವಳೇ ಮಗುವಿನ ಮೂಗು ಒರೆಸಿ, ತಲೆ ಸವರಿ, ಚೂರು ಮೇಲೇರಿದ್ದ ಸ್ವೆಟರಿನ ತೋಳನ್ನು ಕೆಳಗೆಳೆದಳು. ಬೆಳಗಿನಿಂದ ತಾನು ಕಂಡ ಮೊದಲ ಚೊಕ್ಕ ಕೈ ಇದು ಎನಿಸಿತು ಪರೀಕ್ಷಕಿಗೆ.

"ನಿಮ್ಮ ಹುಡುಗೀಗೆ ಯಾವ ತೊಂದರೇನೂ ಇಲ್ಲಮ್ಮ. ಈ ಕ್ಲಾಸೇ ತೊಂದರೆ."

"ನಂಗೊತ್ತು ಮೇಡಂ. ಸ್ವಲ್ಪ ಹಟ, ಅಷ್ಟೆ." ಅತ್ತೆ ನಕ್ಕಳು. "ಮನೇಲಿ ನಾನು ಒಂದೇ ಒಂದ್ಸಲ ‘ಬರೆ’ ಅಂದ್ರೆ ಸಾಕು, ಕಮಕ್ ಕಿಮಕ್ ಅನ್ನಲ್ಲ."

"ಕೇಳಿಸ್ಕೊಂಡ್ರಾ?" ಪರೀಕ್ಷಕಿ ಟೀಚರ್ ಕಡೆ ತಿರುಗಿದಳು. "ಅದೇ ಮಾತು. ಹೇಳೋ ಬಾಯಿ ಬೇರೆ."

ಟೀಚರ್ ಇನ್ನೊಂದು ಬಿಸ್ಕತ್ತು ತೆಗೆದಳು.

"ಶಾಲೆ ಬಿಡಿಸ್ಬಿಡ್ತೀನಿ ಮೇಡಂ," ಎಂದಳು ಅತ್ತೆ. "ಮನೇಲೇ ಇರ್ಲಿ. ಎಲ್ಲಾ ನಾನೇ ನೋಡ್ಕೋತೀನಿ. ನೀವು ಒಂದು ಮಾತು ಆಗ್ಲಿ ಅಂದ್ರೆ, ಇವರಪ್ಪನೂ ಒಪ್ತಾನೆ."

ಪರೀಕ್ಷಕಿಗೆ ಎಷ್ಟೋ ದಿನಗಳ ಮೇಲೆ ತನ್ನ ಕೆಲಸದ ಬಗ್ಗೆ ಹೇಸಿಗೆಯಾಗಲಿಲ್ಲ. "ಖಂಡಿತ ಆಗ್ಲಿ," ಎಂದು ಮಗುವಿನ ಮುಂದೆ ಮಂಡಿಯೂರಿದಳು.

"ನಾಳೆಯಿಂದ ಗುಡುಗಮ್ಮ ಇಲ್ಲ ಪುಟ್ಟಿ. ಬೆಳಗಿಂದ ಸಂಜೆವರೆಗೂ ಅತ್ತೆ ಜೊತೆ. ಅತ್ತೆ ‘ಬರೆ’ ಅಂದಾಗ ಬರೀತೀಯಲ್ಲ, ಹಾಗೇ. ಆಯ್ತಾ?"

ಮಗು ಅವಳನ್ನೇ ನೋಡಿತು, ದಡ್ಡರನ್ನು ನೋಡುವ ಹಾಗೆ.

"ಅದು ಬರಿಯೋದಲ್ಲ."

ಸ್ವೆಟರಿನ ತೋಳನ್ನು ಮೊಣಕೈ ದಾಟಿಸಿ ಎಳೆದುಕೊಂಡಿತು. ಸೌಟಿನ ಹಿಡಿಯಷ್ಟೇ ಅಗಲದ ಸುಟ್ಟ ಪಟ್ಟೆಗಳು ಒಂದರ ಕೆಳಗೊಂದು, ಕಾಪಿ ಪುಸ್ತಕದ ಗೆರೆಗಳಂತೆ ನೇರವಾಗಿದ್ದವು. ಕೊನೆಯದು ಇನ್ನೂ ಹಸಿಯಾಗಿತ್ತು.

"ಬರೆ," ಎಂದಿತು ಮಗು, ಪದದ ಅರ್ಥ ಒಪ್ಪಿಸುವಂತೆ.

ಟೀಚರ್ ಕೈಯ ಬಿಸ್ಕತ್ತು ಬಾಯಿಯವರೆಗೆ ಹೋಗಿ ನಿಂತಿತು. ಅತ್ತೆ ಕರವಸ್ತ್ರವನ್ನು ಮಡಿಕೆ ಕೆಡದಂತೆ ಚೀಲಕ್ಕೆ ಹಾಕಿ, ಚೊಕ್ಕ ಕೈಯನ್ನು ಮುಂದೆ ಚಾಚಿದಳು. ದನಿ ಇನ್ನೂ ಮೆತ್ತಗೇ ಇತ್ತು.

"ಸಾಕು ನಾಟಕ. ಬಾ ಬಂಗಾರ, ಮನೆಗೆ ಹೋಗೋಣ."

"ಬರಲ್ಲ."