ಕೊನೆಯ ಮಾತು

“ಅತ್ತೆ, ನಿಮ್ಮನ್ನೇ ಕರೆದ್ರು, ಆಮೇಲೆ ಕಣ್ಣು ಮುಚ್ಚಿದ್ರು.” ಧಾರಿಣಿ ಊರಿನಿಂದ ಆಗಷ್ಟೇ ಬಂದಿಳಿದ ಅತ್ತೆಯ ಕೈ ಬಿಡಲಿಲ್ಲ. ಗಂಡ ಯಶವಂತ ಹೇಗೆ ಹೋದ ಎಂಬುದನ್ನು ಅವಳು ಬೆಳಗಿನಿಂದ ಬಂದವರಿಗೆಲ್ಲ ಹೇಳುತ್ತಲೇ ಇದ್ದಳು. ಪಕ್ಕದ ಫ್ಲ್ಯಾಟಿನ ಗುಪ್ತಾ ಆಂಟಿಗೆ ಹಿಂದಿಯಲ್ಲಿ: ರಾಮ ರಾಮ ಎನ್ನುತ್ತಲೇ ಹೋದರು. ಅವನ ಆಫೀಸಿನವರಿಗೆ ಇಂಗ್ಲಿಷಿನಲ್ಲಿ: ಕೊನೆಗೂ ನಿಮ್ಮನ್ನೆಲ್ಲ ನೆನೆಸಿಕೊಂಡರು. ಕೇಳಿದವರು ಕಣ್ಣೊರೆಸಿಕೊಂಡು, ಸ್ವಲ್ಪ ಹಗುರಾಗಿ ಎದ್ದು ಹೋಗುತ್ತಿದ್ದರು.

ಅತ್ತೆ ಒಳಗೆ ಹೋದ ಮೇಲೆ ಮಗಳು ಅನನ್ಯಾ ಬಂದು ಅಮ್ಮನಿಗೆ ಒತ್ತಿಕೊಂಡು ಕೂತಳು. ಎದುರಿಗೆ ಬಚ್ಚಲಿನ ಬಾಗಿಲಲ್ಲಿ ಮುರಿದ ಚಿಲಕ ಇನ್ನೂ ನೇತಾಡುತ್ತಿತ್ತು. ನಿನ್ನೆ “ಪಪ್ಪಾ, ಪಪ್ಪಾ” ಎಂದು ಆ ಬಾಗಿಲು ಬಡಿದವಳು ಅವಳೇ. ಒಳಗಿನಿಂದ ಸದ್ದೇ ಬಂದಿರಲಿಲ್ಲ.

“ಅಮ್ಮಾ, ಪ್ಲೀಸ್,” ಎಂದು ಪಿಸುಗುಟ್ಟಿದಳು. “ಪಪ್ಪ ನನಗೂ ಏನೋ ಹೇಳಿದ್ರು ಅಂತ ಹೇಳು.”