ನಾಲ್ಕನೇ ಜ್ವರ

"ನಿಲ್ಲಿ ನಿಲ್ಲಿ! ಮೊದಲು ಕಾಲು ಅದ್ದಿ ಅತ್ತಿಗೆ."

ತಂಗಿಯನ್ನು ನೋಡಲು ತೊಂಡೇಬಾವಿಯಿಂದ ಜಂಗಮಕೋಟೆಗೆ ಬಸ್ಸು ಬದಲಿಸಿ ಬಂದಿದ್ದ ಚಿಕ್ಕವೆಂಕಟಮ್ಮ ಹೊಸ್ತಿಲಲ್ಲೇ ನಿಂತಳು. ಎದುರಿಗೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಟಬ್ಬು. ಬಾಗಿಲಿಗೆ ನೊಣದ ಪರದೆ. ಇವೆಲ್ಲ ರೇಷ್ಮೆಹುಳು ಸಾಕುವ ಶೆಡ್ಡಿನಲ್ಲಿ ಇರಬೇಕಾದವು.

"ಇದೇನಪ್ಪ, ನಡುಮನೇಲೇ ಹುಳ ಸಾಕಿದ್ದೀಯಾ?"

"ಹುಳ ಹಿಂದಿನ ಶೆಡ್ಡಲ್ಲಿ ಗೂಡು ಕಟ್ಟಾಯ್ತು. ಇಲ್ಲಿರೋದು ನಿಮ್ಮ ತಂಗಿ," ಎಂದ ಮುನಿವೆಂಕಟಪ್ಪ.

"ಊರಿಗೊಂದು ದಾರಿಯಾದ್ರೆ ಯಡವಟ್ಟನಿಗೊಂದು ದಾರಿ," ಎಂದು ಗೊಣಗುತ್ತಲೇ ಅವಳು ಸೀರೆ ಎತ್ತಿ ಟಬ್ಬಿಗಿಳಿದಳು.

ಅವನ ಹೆಂಡತಿ ಶ್ಯಾಮಲಮ್ಮನಿಗೆ ಸ್ತನದ ಕ್ಯಾನ್ಸರು. ಮೂರು ಕೀಮೋ ಆಗಿದ್ದವು. ಬಿಳಿ ರಕ್ತಕಣ, ಅದು ಇದು ಎಂದು ಡಾಕ್ಟರು ಹೇಳಿದ್ದರಲ್ಲಿ ಮುನಿವೆಂಕಟಪ್ಪನಿಗೆ ಅರ್ಥವಾಗಿದ್ದು ಒಂದೇ: ಸೋಂಕು ತಗಲಬಾರದು. ಅಷ್ಟು ಸಾಕಾಯಿತು. ಹುಳ ಸಾಕುತ್ತ ಕಲಿತ ಆ ವಿದ್ಯೆಯಲ್ಲಿ ಅವನದು ನಲವತ್ತು ವರ್ಷದ ಅನುಭವ. ನೋಡಲು ಬಂದವರನ್ನೆಲ್ಲ ಟಬ್ಬಿಗಿಳಿಸಿದ, ಸೀನಿದವರನ್ನು ಬಾಗಿಲಿಂದಲೇ ವಾಪಸು ಕಳಿಸಿದ. ಬೀದಿಯ ಅರ್ಧ ಜನ ಅವನೊಂದಿಗೆ ಮಾತು ಬಿಟ್ಟಿದ್ದರು. ಮರಿಹುಳಕ್ಕೆ ಸೊಪ್ಪು ಹೆಚ್ಚುವಂತೆ ಇಡ್ಲಿಯನ್ನು ಸಣ್ಣಗೆ ಹೆಚ್ಚಿ ಎರಡೆರಡು ಗಂಟೆಗೊಮ್ಮೆ ಕೊಡುತ್ತಿದ್ದ. ಹುಳದ ತಟ್ಟೆಗೆ ಉದುರಿಸುವ ಸುಣ್ಣದ ಪುಡಿ, ಜರಡಿ ಹಿಡಿದು ಹಾಸಿಗೆಯ ಹತ್ತಿರ ಬಂದ ದಿನ ಮಾತ್ರ ಶ್ಯಾಮಲಮ್ಮ ಅವನತ್ತ ಎಸೆಯಲು ಚೊಂಬು ಎತ್ತಿದ್ದಳು.

ತಂಗಿಯ ಬೋಳುತಲೆ ನೋಡಿ ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಂಡಳು. "ನಾಳೆ ನಾಲ್ಕನೇದಂತೆ?"

"ನಾನು ಹೋಗಲ್ಲಕ್ಕ. ಏನು ತಿಂದ್ರೂ ಕಬ್ಬಿಣ ನೆಕ್ಕಿದಂಗಾಗುತ್ತೆ. ಮೂರಕ್ಕೇ ಸಾಕಾಗೋಗಿದೆ."

"ಇಷ್ಟು ಹಿಂಸೆ ಯಾಕಮ್ಮ? ಬಿಟ್ಬಿಡು."

ಮುನಿವೆಂಕಟಪ್ಪನಿಗೆ ಜೀವವೇ ಹಾರಿಹೋಯಿತು. ನಾಲ್ಕೂ ಆಗಲೇಬೇಕು, ಮಧ್ಯದಲ್ಲಿ ಬಿಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಇವಳಿಲ್ಲದ ಮನೆಯನ್ನು ನೆನೆಯಲೂ ಅವನಿಗೆ ಭಯವಿತ್ತು. ತನಗೆ ಗೊತ್ತಿದ್ದ ಒಂದೇ ವಾದವನ್ನು ಹೂಡಿದ.

"ಅತ್ತಿಗೆ, ನೀವೂ ಹುಳ ಸಾಕಿದೋರು. ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತಾ ಇಲ್ವಾ? ಮೇವು ಬಿಡುತ್ತೆ, ಚರ್ಮ ಕಳಚುತ್ತೆ, ಮತ್ತೆ ಏಳುತ್ತೆ. ಮೂರು ಜ್ವರ ಎದ್ದಿರೋ ಹುಳಾನ ಯಾರಾದ್ರೂ ತಿಪ್ಪೆಗೆ ಸುರೀತಾರಾ?"

ಚಿಕ್ಕವೆಂಕಟಮ್ಮ ಹೌದೆಂದು ತಲೆಯಾಡಿಸಿದಳು. ಹುಳ ಸಾಕಿದವರಲ್ಲಿ ಈ ಮಾತಿಗೆ ಅಪೀಲಿಲ್ಲ. ಶ್ಯಾಮಲಮ್ಮ ಮಾತ್ರ ಮೊಣಕೈ ಊರಿ ಎದ್ದು ಕೂತಳು.

"ನಾಲ್ಕನೇದೂ ಎದ್ದ ಮೇಲೆ?"

"ಒಂದು ವಾರ ಗಬಗಬ ತಿನ್ನುತ್ತೆ."

"ಆಮೇಲೆ?"

"ಗೂಡು ಕಟ್ಟುತ್ತೆ."

"ಆಮೇಲೆ?"

ಮುನಿವೆಂಕಟಪ್ಪ ಬಾಗಿಲಿನ ನೊಣದ ಪರದೆ ಸರಿಮಾಡತೊಡಗಿದ.

"ನಾನು ಹೇಳ್ತೀನಿ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕ್ತೀರಿ. ನೂಲು ತೆಗೆಯೋರು ತಗೊಂಡೋಗಿ ಬಿಸಿನೀರಲ್ಲಿ ಕುದಿಸ್ತಾರೆ. ಅದಕ್ಕೇನಾ ನನ್ನ ಇಷ್ಟು ಚೆನ್ನಾಗಿ ನೋಡ್ಕೊಳ್ತಿರೋದು?"

ನಲವತ್ತು ವರ್ಷದಲ್ಲಿ ಯಾವ ಹುಳವೂ ಅವನನ್ನು ಹೀಗೆ ಕೇಳಿರಲಿಲ್ಲ. ಅವನು ತಲೆ ಕೆರೆದುಕೊಂಡ.

"ಎಲ್ಲಾ ಗೂಡೂ ಕುದಿಸಲ್ಲ ಕಣೇ. ಬಿತ್ತನೆಗೆ ಅಂತ ಒಂದಷ್ಟು ಇಡ್ತಾರೆ. ಅದರಿಂದ ಚಿಟ್ಟೆ ಆಚೆ ಬಂದು ಮೊಟ್ಟೆ ಇಡುತ್ತೆ. ನಿನ್ನ ಬಿತ್ತನೆಗೆ ಇಟ್ಕೊಂಡಿದ್ದೀನಿ ಅನ್ಕೋ."

"ಐವತ್ತೆಂಟು ವರ್ಷಕ್ಕೆ ಮೊಟ್ಟೆ ಬೇರೆ ಇಡಬೇಕಾ ನಾನು?"

ಚಿಕ್ಕವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಸಿಡಿಯಿತು. ಶ್ಯಾಮಲಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುನಿವೆಂಕಟಪ್ಪ ಇಬ್ಬರ ಮುಖವನ್ನೂ ನೋಡುತ್ತ, ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದ.

"ನಾಳೆ ಬಸ್ಸು ಎಷ್ಟೊತ್ತಿಗೆ?" ಎಂದಳು ಶ್ಯಾಮಲಮ್ಮ ಕಣ್ಣೊರೆಸಿಕೊಂಡು. "ಒಂದು ಇಡ್ಲಿ ಕೊಡಿ. ಹೆಚ್ಚಬೇಡಿ, ಇಡೀದು ಕೊಡಿ."

ಅವಳು ತಿಂದು ಮಲಗಿದ ಮೇಲೆ ಅವನು ಶೆಡ್ಡಿಗೆ ಹೋದ. ಮಾರ್ಕೆಟ್ಟಿಗೆ ಹೋಗಬೇಕಾದ ಗೂಡುಗಳು ರಾಶಿ ಬಿದ್ದಿದ್ದವು. ತುಂಬ ಹೊತ್ತು ಹುಡುಕಿ ಒಂದನ್ನು ಎತ್ತಿ, ಒಳಗಿನ ಹುಳದ ಸದ್ದು ಕೇಳಲು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡ.

"ಅದೊಂದು ಯಾಕಪ್ಪ ಜೇಬಿಗೆ?" ಹಿಂದೆಯೇ ಬಂದಿದ್ದ ಚಿಕ್ಕವೆಂಕಟಮ್ಮ ಕೇಳಿದಳು.

"ಇದು ಮಾರೋದಲ್ಲ ಅತ್ತಿಗೆ."