ಎಕ್ಸ್‌ರೇ ಹಾಳೆಯ ಪಟ್ಟಿ

ಹಳೆಯ ಕಂಪ್ಯೂಟರುಗಳ ಕೀಲಿಗಳ ಮೇಲಿಡುವ ಪಟ್ಟಿಗಳನ್ನು ಮಾಡಿಕೊಡುವುದು ಈಗ ನನ್ನ ಕೆಲಸ. ಬ್ಲೀಚಿಂಗ್ ಪುಡಿಯ ವಾಸನೆ ಬಂದರೆ ಕತ್ತರಿ ಹಿಡಿದ ಕೈ ಇವತ್ತಿಗೂ ಒಂದು ಕ್ಷಣ ತಡೆಯುತ್ತದೆ.

ಅಪ್ಪ ಆಗ ರಾಯದುರ್ಗದಲ್ಲಿ ಮೇಷ್ಟರಾಗಿದ್ದ. ಶಾಲೆಗಿದ್ದ ಒಂದೇ ಕಂಪ್ಯೂಟರಿನಲ್ಲಿ, ಮೇಲ್ಸಾಲಿನ ಯಾವ ಕೆಂಪು ಕೀಲಿ ಏನು ಮಾಡುತ್ತದೆಂದು ಬರೆದು ಕೀಲಿಗಳ ಮೇಲಿಟ್ಟಿದ್ದ ಪಾರದರ್ಶಕ ಪಟ್ಟಿ ಹರಿದುಹೋಗಿತ್ತು. ಮರುದಿನ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು. ಮಧ್ಯಾಹ್ನ ಅಪ್ಪ ಹಿತ್ತಲಿನಲ್ಲಿ ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಕಲಸಿ, ಬಳ್ಳಾರಿಯಿಂದ ತಂದ ತನ್ನದೇ ಎದೆಯ ಎಕ್ಸ್‌ರೇ ಹಾಳೆಯನ್ನು ಅದರಲ್ಲಿ ಮುಳುಗಿಸಿದ. ಬೆರಳಿನಿಂದ ಉಜ್ಜಿದಂತೆ ಪಕ್ಕೆಲುಬುಗಳೂ ಎಡಕ್ಕಿದ್ದ ಬಿಳಿ ಕಲೆಯೂ ಲೋಳೆಯಾಗಿ ಜಾರಿದವು. ನಡುನಡುವೆ ಕೆಮ್ಮುತ್ತಿದ್ದ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ.

ಅವ್ವ ಹಿತ್ತಲ ಬಾಗಿಲಿಗೆ ಬಂದಳು. "ಡಾಕ್ಟ್ರು ಎದಿ ಫೋಟೊ ತಗೀಲಿಲ್ಲೇನ್ರಿ?"

"ಬರೀ ಕೆಮ್ಮು ಅಂದ್ರು. ಫೋಟೊ ಯಾಕ ಬೇಕು?"

"ಮತ್ತ ಅದೇನ್ರಿ ಕೈಯಾಗ?"

"ಸಾಲಿದು, ಹಳೇ ಹಾಳಿ."

ಅವ್ವ ನನ್ನ ಮುಖ ನೋಡಿದಳು. "ಹೌದೇನು?"

ಅಪ್ಪ ಹಾಳೆಯನ್ನು ಬಿಸಿಲಿಗೆ ಹಿಡಿದ. ಅದರಾಚೆ ಗುಡ್ಡದ ಬಂಡೆಗಳು ಸ್ಪಷ್ಟವಾಗಿ ಕಂಡವು. ಹಾಳೆ ಒರೆಸಿ, ಹೊಸ ಪಟ್ಟಿಯ ಅಳತೆಗೆ ಗೆರೆ ಎಳೆದು, ನನ್ನ ಕೈಗೆ ಕತ್ತರಿ ಕೊಟ್ಟ. "ಗೆರಿ ಮ್ಯಾಲೇ ಹೋಗಬೇಕು, ನೋಡು."

"ಹೌದವ್ವ, ಸಾಲಿದು" ಎಂದೆ.

ಕತ್ತರಿ ಎಲ್ಲೂ ಗೆರೆ ದಾಟಲಿಲ್ಲ.